ತುದಿ ಮೆತ್ತಗಿರಲಿ, ಬುಡ ಗಟ್ಟಿಯಿರಲಿ

ಶೇವಿಂಗ್ ಬ್ರಷ್ಷಿನ ಬಗ್ಗೆ ಇಷ್ಟುದ್ದ ಬರೆಯೋದೇನಿದೆ ಅಂತ ಅನ್ನಿಸಬಹುದು. ಗಟ್ಟಿ ಚರ್ಮದವರಿಗೆ ನಿಜಕ್ಕೂ ಏನೂ ಇಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೈಗೆ ಸಿಕ್ಕಿದ ಬ್ರಷ್ಷು ತಂದು, ವರ್ಷಗಟ್ಟಲೆ ತಿಕ್ಕಿಕೊಂಡು ಆರಾಮಾಗಿರುತ್ತಾರೆ. ನನ್ನದು ಅಂಥ ಚರ್ಮ ಅಲ್ಲ. ಹೊಸ ಅಂಗಿಯ ಕಾಲರ್ ಉಜ್ಜಿದರೆ ಸಾಕು, ಸಂಜೆ ಹೊತ್ತಿಗೆ ಕತ್ತಿನ ಸುತ್ತ ಕೆಂಪು ಗೆರೆ ಎದ್ದಿರುತ್ತದೆ.

ಕೆಲಸದ ಕಾರಣಕ್ಕೆ ಗಡ್ಡ ಬಿಡುವ ಹಾಗೂ ಇಲ್ಲ. ಶೇವ್ ಮುಗಿಸಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ಗದ್ದದ ಕೆಳಗೆ ಉರಿ ಶುರುವಾಗುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಸಣ್ಣ ಸಣ್ಣ ಗುಳ್ಳೆ. ಬೆವರು ತಾಗಿದರೆ ನವೆ. ಬ್ಲೇಡ್ ಕಂಪನಿ ಬದಲಾಯಿಸಿದ್ದಾಯ್ತು. ಮೂರು ಅಲಗಿನ ಕಾರ್ಟ್ರಿಜ್ ಬಿಟ್ಟು, ಒಂದೇ ಬ್ಲೇಡ್ ಹಾಕುವ ಹಳೇ ಮಾದರಿ ರೇಜರಿಗೆ ಬಂದಿದ್ದೂ ಆಯ್ತು. ಉರಿ ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಗದ್ದ ಎತ್ತಿಸಿ, ಟಾರ್ಚ್ ಬಿಟ್ಟು ನೋಡಿದರು. "ಬ್ಲೇಡ್ ವಿಷಯ ಆಮೇಲೆ. ಕ್ರೀಮ್ ಹೇಗೆ ಹಚ್ಚಿಕೊಳ್ತೀರಿ? ಕೈಯಲ್ಲಾ, ಬ್ರಷ್ಷಲ್ಲಾ?" ಅಂದರು. ಬ್ರಷ್ಷಲ್ಲಿ ಅಂದೆ. "ಎಂಥಾ ಬ್ರಷ್ಷು?" ಬಿಳಿ ಕೂದಲು, ಕೆಂಪು ಪ್ಲಾಸ್ಟಿಕ್ ಹಿಡಿ. ಅದಕ್ಕಿಂತ ಜಾಸ್ತಿ ಹೇಳೋಕೆ ನನಗೇನೂ ತೋಚಲಿಲ್ಲ.

ಆಗ ಅವರು ಒಂದು ಪರೀಕ್ಷೆ ಹೇಳಿಕೊಟ್ಟರು. ಖರ್ಚಿಲ್ಲದ ಪರೀಕ್ಷೆ, ಯಾರು ಬೇಕಾದರೂ ಮಾಡಬಹುದು. ರಜೆ ದಿನ ಬ್ಲೇಡ್ ಮುಟ್ಟಬೇಡಿ. ಬರೀ ನೊರೆ ಹಚ್ಚಿ. ಬಲಗೆನ್ನೆಗೆ ಬ್ರಷ್ಷಲ್ಲಿ, ಎಡಗೆನ್ನೆಗೆ ಅದೇ ಕ್ರೀಮನ್ನು ಬೆರಳಲ್ಲಿ. ದಿನಾ ಎಷ್ಟು ಹೊತ್ತು ಉಜ್ಜುತ್ತೀರೋ ಅಷ್ಟೇ ಹೊತ್ತು ಉಜ್ಜಿ, ತೊಳೆದು, ಸ್ವಲ್ಪ ಹೊತ್ತು ಬಿಟ್ಟು ಕನ್ನಡಿ ನೋಡಿ. ಎರಡೂ ಕಡೆ ಕೆಂಪಾದರೆ ಕ್ರೀಮಿನ ಕಿತಾಪತಿ, ಅದರಲ್ಲಿರುವ ಸುಗಂಧವೋ ಮೆಂಥಾಲೋ ಒಗ್ಗುತ್ತಿಲ್ಲ. ಬ್ರಷ್ಷಿನ ಕಡೆ ಮಾತ್ರ ಕೆಂಪಾದರೆ ಬ್ರಷ್ಷಿನದ್ದು. ಎರಡೂ ಕಡೆ ಏನೂ ಆಗದಿದ್ದರೆ ಬ್ಲೇಡನ್ನೋ, ಅದನ್ನು ಎಳೆಯುವ ಕೈಯನ್ನೋ ವಿಚಾರಿಸಿಕೊಳ್ಳಿ.

ನನ್ನ ಬಲಗೆನ್ನೆ ಕೆಂಪಾಗಿತ್ತು. ಎಡಗೆನ್ನೆಗೆ ಏನೂ ಆಗಿರಲಿಲ್ಲ.

ಮಗ ಶಾಲೆಯ ಪ್ರಾಜೆಕ್ಟಿಗೆ ಅಂತ ತಂದಿದ್ದ ಭೂತಕನ್ನಡಿ ಮನೆಯಲ್ಲಿತ್ತು. ಬ್ರಷ್ಷನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಅದು ದಪ್ಪ ನೈಲಾನ್ ಎಳೆ. ಪ್ರತಿ ಎಳೆಯ ತುದಿಯನ್ನೂ ಮಷೀನಿನಲ್ಲಿ ನೇರವಾಗಿ ಕತ್ತರಿಸಿದ್ದಾರೆ. ಬುಡದಲ್ಲಿ ಎಷ್ಟು ದಪ್ಪವೋ ತುದಿಯಲ್ಲೂ ಅಷ್ಟೇ ದಪ್ಪ, ಅಂಚು ಚೂಪು. ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಕೂಳೆ ಚುಚ್ಚುವುದು ಗೊತ್ತಿರುತ್ತದೆ. ನನ್ನ ಕೆನ್ನೆ ದಿನಾ ಬೆಳಿಗ್ಗೆ ಅಂಥಾ ಹೊಲದ ಮೇಲೆ ಓಡಾಡುತ್ತಿತ್ತು. ಒಳ್ಳೆ ಬ್ರಷ್ಷಿನ ಕೂದಲು ತುದಿಗೆ ಹೋಗುತ್ತಾ ಹೋಗುತ್ತಾ ಸಣ್ಣಗಾಗಬೇಕು. ಪ್ರಾಣಿಯ ಕೂದಲಾದರೆ ಹುಟ್ಟಿನಿಂದಲೇ ಹಾಗಿರುತ್ತದೆ. ಸಿಂಥೆಟಿಕ್ ಆದರೆ ಕಾರ್ಖಾನೆಯಲ್ಲಿ ಹಾಗೆ ಮಾಡಬೇಕು. ಅಗ್ಗದ ಬ್ರಷ್ಷಿಗೆ ಆ ಕೆಲಸ ಯಾರೂ ಮಾಡುವುದಿಲ್ಲ.

ನಮ್ಮ ಬೀದಿಯ ಸಲೂನಿನವರನ್ನು ಕೇಳಿದೆ. "ನಿಮಗೆ ಮೆತ್ತಗಿರೋದು ಬೇಕು ಸಾರ್, ನಮಗೆ ಅದು ಆಗಲ್ಲ" ಅಂದರು. ಅವರು ಹೇಳಿದ್ದರಲ್ಲಿ ಅರ್ಥ ಇತ್ತು. ಅವರ ಕುರ್ಚಿಯಲ್ಲಿ ವಾರದ ಗಡ್ಡದವರೂ ಕೂರುತ್ತಾರೆ, ತಿಂಗಳ ಗಡ್ಡದವರೂ ಕೂರುತ್ತಾರೆ. ಬೇಗ ನೊರೆ ಏಳಬೇಕು, ಕೂದಲು ಎದ್ದು ನಿಲ್ಲಬೇಕು, ಮುಂದಿನ ಗಿರಾಕಿ ಕಾಯುತ್ತಿರುತ್ತಾನೆ. ಗಡಸು ಬ್ರಷ್ಷು ಅವರ ಕಸುಬಿಗೆ ಸರಿ. ಇಟಲಿಯ ಕ್ಷೌರಿಕರೂ ಹಂದಿಕೂದಲಿನ ಗಡಸು ಬ್ರಷ್ಷನ್ನೇ ನೆಚ್ಚಿಕೊಂಡವರು ಅಂತ ಆಮೇಲೆ ತಿಳಿಯಿತು. "ಮಾಮೂಲ್‌ಪೇಟೆಗೆ ಹೋಗಿ ನೋಡಿ ಸಾರ್. ಆದ್ರೆ ಕವರ್ ಮೇಲೆ ಬರೆದಿರೋದು ನಂಬಬೇಡಿ, ಕೆನ್ನೆಗೆ ಒತ್ತಿ ನೋಡಿ" ಅಂದರು.

ಹೋದೆ. ಬೆಂಗಳೂರಿನ ಚಿಕ್ಕಪೇಟೆಯ ಆ ಗಲ್ಲಿಗಳಲ್ಲಿ ಫ್ಯಾನ್ಸಿ ಸಾಮಾನು, ಬಳೆ, ಬಾಚಣಿಗೆ, ಬ್ಯೂಟಿ ಪಾರ್ಲರಿಗೆ ಬೇಕಾದ್ದೆಲ್ಲ ರಾಶಿ. ಒಂದು ಅಂಗಡಿಯವರು ಒಂದು ರಟ್ಟಿನ ಡಬ್ಬಿಯನ್ನೇ ನನ್ನ ಮುಂದೆ ಸುರಿದರು. 50 ರೂಪಾಯಿಯಿಂದ ಶುರು. ಒಣಗಿದ ಬ್ರಷ್ಷನ್ನು ಕೆನ್ನೆಗೆ ನೇರ ಒತ್ತಿದರೆ ಚುಚ್ಚುತ್ತದಾ ಅಂತ ಮೊದಲು ನೋಡಬೇಕು. ಆಮೇಲೆ ಅಂಗೈ ಮೇಲೆ ಒತ್ತಿ, ಎಷ್ಟು ಬಾಗುತ್ತದೆ, ಬಿಟ್ಟ ಕೂಡಲೇ ಎದ್ದು ನಿಲ್ಲುತ್ತದಾ ಅಂತ ನೋಡಬೇಕು. ಈ ಎರಡೂ ಬೇರೆ ಬೇರೆ ಗುಣ. ಇದು ನನಗೆ ಗೊತ್ತಾಗಿದ್ದು ಆ ಅಂಗಡಿಯಲ್ಲೇ. ಒಂದು ಬ್ರಷ್ಷಿನ ತುದಿ ಚುಚ್ಚುತ್ತಿತ್ತು, ಆದರೆ ಮೈ ಸೊಪ್ಪಾಗಿ ಬಿದ್ದುಹೋಗುತ್ತಿತ್ತು. ಇನ್ನೊಂದರ ತುದಿ ರೇಷ್ಮೆ, ಮೈ ಮಾತ್ರ ಗಟ್ಟಿ. "ಸಾಫ್ಟು" ಅಂತ ಎರಡರ ಕವರಿನ ಮೇಲೂ ಇತ್ತು. ಸಲೂನಿನವರ ಮಾತು ನೆನಪಾಯಿತು.

ಬ್ರಷ್ಷಿನ ಹುಚ್ಚು ಇರುವವರು ಈ ಗಟ್ಟಿತನಕ್ಕೆ ಬ್ಯಾಕ್‌ಬೋನ್ ಅನ್ನುತ್ತಾರೆ. ಕೂದಲ ಕಟ್ಟಿಗೆ ನಾಟ್, ಹಿಡಿಯಿಂದ ಮೇಲೆ ಕೂದಲು ಎಷ್ಟುದ್ದ ಇದೆಯೋ ಅದಕ್ಕೆ ಲಾಫ್ಟ್. ನಾಟ್ ದಪ್ಪ ಸಾಮಾನ್ಯವಾಗಿ 20ರಿಂದ 26 ಮಿಲಿಮೀಟರ್, ಲಾಫ್ಟ್ ಸುಮಾರು 50 ಮಿಲಿಮೀಟರ್. ಅದೇ ಕೂದಲು, ಅದೇ ದಪ್ಪ ಇಟ್ಟುಕೊಂಡು ಲಾಫ್ಟ್ ಉದ್ದ ಮಾಡಿದರೆ ಬ್ರಷ್ಷು ಮೆತ್ತಗಾಗುತ್ತದೆ, ಗಿಡ್ಡ ಮಾಡಿದರೆ ಗಡಸಾಗುತ್ತದೆ. ಹಾಗಾಗಿ ಯಾವ ಕೂದಲು ಅಂತ ಕೇಳಿದಷ್ಟೇ ಮುಖ್ಯ ಎಷ್ಟುದ್ದ ಅಂತ ಕೇಳುವುದು. ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ನಾನು ಸ್ಕೇಲ್ ತೆಗೆದಾಗ ಅಂಗಡಿಯವರು "ಸಾರ್, ಡಿಸೈನ್ ಮಾಡ್ತೀರಾ?" ಅಂದರು.

ಇನ್ನು ಕೂದಲಿನ ವಿಷಯ. ನಾಲ್ಕು ಜಾತಿ: ಹಂದಿ, ಕುದುರೆ, ಬ್ಯಾಡ್ಜರ್ ಅನ್ನುವ ಕಾಡುಪ್ರಾಣಿ, ಸಿಂಥೆಟಿಕ್.

ಹಂದಿಕೂದಲಿನ ಬ್ರಷ್ಷು ನನಗೆ ಸಿಕ್ಕಿದ್ದು ಆಫೀಸಿನ ಗೆಳೆಯನಿಂದ. ಇಟಲಿಯ ಒಮೆಗಾ ಕಂಪನಿಯದು. 1931ರಿಂದ ಬ್ರಷ್ ಮಾಡುತ್ತಿರುವವರು. ಅವನ ಹತ್ತಿರ ಎರಡಿದ್ದವು, ಬಳಸದೇ ಇಟ್ಟಿದ್ದ ಹೊಸದನ್ನು ನನಗೆ ಕೊಟ್ಟ. ಮನೆಗೆ ತಂದ ದಿನವೇ ಅಮ್ಮನಿಗೆ ವಾಸನೆ ಬಂತು. ಹೊಸ ಹಂದಿಕೂದಲನ್ನು ನೆನೆಸಿದರೆ ಒಂಥರಾ ಪ್ರಾಣಿವಾಸನೆ ಇರುತ್ತದೆ, ಬಳಸುತ್ತಾ ಹೋಗುತ್ತದೆ. ಏನಿದು ಅಂದರು. ಹೇಳಿದೆ. "ಅಯ್ಯೋ, ದೇವರ ಮುಂದೆ ದೀಪ ಹಚ್ಚೋ ಮುಖಕ್ಕೆ ಹಂದಿ ಕೂದಲು ಸವರ್ಕೊಳ್ತೀಯೇನೋ?" ಅಂತ ಅದನ್ನು ಬಚ್ಚಲ ಹೊರಗಿನ ಕಿಟಕಿಗೆ ಗಡಿಪಾರು ಮಾಡಿದರು. ಸ್ನೇಹಿತರಲ್ಲಿ ಮುಸ್ಲಿಮರಿಗಂತೂ ಇದು ಆಗುವ ಮಾತೇ ಅಲ್ಲ. ಆನ್‌ಲೈನಿನಲ್ಲಿ ಕೊಳ್ಳುವಾಗ ಬೋರ್ ಅಂತ ಬರೆದಿದ್ದರೆ ಅದು ಹಂದಿಕೂದಲು, ಅಷ್ಟು ಗೊತ್ತಿರಲಿ. "ನ್ಯಾಚುರಲ್ ಬ್ರಿಸಲ್" ಅಂತಷ್ಟೇ ಬರೆದಿದ್ದರೂ ಹೆಚ್ಚಾಗಿ ಅದೇ ಇರುತ್ತದೆ.

ಗುಣದ ಮಾತಿಗೆ ಬಂದರೆ ಅದು ಸಾಮಾನು ಒಳ್ಳೆಯದೇ. ಒಣಗಿದ್ದಾಗ ಒರಟು. ಬೆಚ್ಚಗಿನ ನೀರಲ್ಲಿ ಕೆಲವು ನಿಮಿಷ ನೆನೆಯಬೇಕು, ಆಗ ಕೂದಲು ನೀರು ಕುಡಿದು ಬಾಗುತ್ತದೆ. ಬಳಸುತ್ತಾ ಬಳಸುತ್ತಾ ಒಂದೊಂದು ಕೂದಲಿನ ತುದಿಯೂ ಎರಡಾಗಿ, ಮೂರಾಗಿ ಸೀಳುತ್ತದೆ. ಸೀಳಿದ ತುದಿ ತುಂಬಾ ಮೆತ್ತಗೆ. ಬುಡ ಮಾತ್ರ ಹಾಗೇ ಗಟ್ಟಿ. ಗೆಳೆಯನ ಹಳೇ ಬ್ರಷ್ಷನ್ನು ಭೂತಕನ್ನಡಿಯಲ್ಲಿ ನೋಡಿದೆ. ಅಡಿಯಿಂದ ಮುಕ್ಕಾಲು ಭಾಗ ಒಂಟಿ ಎಳೆ, ಮೇಲೆ ಎಲ್ಲಾ ಕವಲು ಕವಲು. ಅವನ ಕೆನ್ನೆಗೆ ಅದು ಹಾಯಾಗಿತ್ತು. ಆದರೆ ಆ ಹದಕ್ಕೆ ಬರಲು ವಾರಗಟ್ಟಲೆ ಬೇಕು. ಅಷ್ಟು ದಿನ ಗಡಸು ತುದಿಯನ್ನು ತಡೆದುಕೊಳ್ಳುವ ಕೆನ್ನೆ ನನಗಿದ್ದಿದ್ದರೆ ಈ ಹುಡುಕಾಟವೇ ಬೇಕಿರಲಿಲ್ಲ. ಅಂಗೈಯಲ್ಲಿ ದಿನಾ ನೊರೆ ಮಾಡಿ, ಮುಖಕ್ಕೆ ಹಚ್ಚದೆ ತೊಳೆದಿಟ್ಟು ಪಳಗಿಸುವವರೂ ಇದ್ದಾರೆ. ಅಮ್ಮನ ಕಣ್ಣೆದುರು ಆ ಪೂಜೆ ನಡೆಸುವ ಧೈರ್ಯ ನನಗಿರಲಿಲ್ಲ.

ಕುದುರೆಕೂದಲನ್ನು ನಾನು ಬಳಸಿಲ್ಲ. ಬಾಲದ್ದು, ಜೂಲಿನದ್ದು ಕತ್ತರಿಸಿ ಮಾಡುತ್ತಾರೆ, ಕುದುರೆ ಸಾಯಬೇಕಾಗಿಲ್ಲ ಅನ್ನುವುದು ಅದರ ಒಳ್ಳೆಯ ಅಂಶ. ಅದರ ಹಿಂದೆ ಒಂದು ಭಯಂಕರ ಕಥೆಯೂ ಇದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಕೂದಲಿಗೆ ಬರ ಬಂತು. ಕುದುರೆಕೂದಲನ್ನೇ ಬ್ಯಾಡ್ಜರಿನ ಹಾಗೆ ಕಾಣುವಂತೆ ಮಾಡಿ ಮಾರಿದರು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಿಂದ ಬ್ರಿಟನ್, ಅಮೆರಿಕದ ಸೈನಿಕರಿಗೂ ಜನರಿಗೂ ಮುಖದ ಮೇಲೆ ಆಂಥ್ರಾಕ್ಸ್ ಅನ್ನುವ ಮಾರಕ ಸೋಂಕು ಬಂತು. ಶೇವಿಂಗ್ ಬ್ರಷ್ಷಿನಿಂದ ಪ್ರಾಣ ಹೋದ ಕಾಲವೂ ಇತ್ತು ನೋಡಿ. ಈಗ ಒಳ್ಳೆ ಕಂಪನಿಗಳು ಕೂದಲನ್ನು ಶುದ್ಧಿ ಮಾಡಿಯೇ ಕಟ್ಟುತ್ತವೆ, ಹೆದರುವ ಕಾರಣ ಇಲ್ಲ. ಆದರೂ ಸಂತೆಯಲ್ಲಿ, ಹೆಸರಿಲ್ಲದ, ಎಂಥ ಕೂದಲು ಅಂತಲೇ ಹೇಳದ ಬ್ರಷ್ಷು ಕೊಳ್ಳುವಾಗ ನನಗೆ ಇದು ನೆನಪಾಗುತ್ತದೆ.

ಬ್ಯಾಡ್ಜರ್ ಅಂದರೆ ನಮ್ಮ ಕಾಡಿನ ತರಕರಡಿಯ ಕುಟುಂಬಕ್ಕೆ ಸೇರಿದ ಪ್ರಾಣಿ. ಬ್ರಷ್ಷಿಗೆ ಬರುವ ಕೂದಲು ಹೆಚ್ಚಾಗಿ ಚೀನಾದ್ದು. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅಂತ ದರ್ಜೆ ಹೇಳುತ್ತಾರೆ. ಈ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಒಬ್ಬರ ಸೂಪರ್ ಇನ್ನೊಬ್ಬರ ಬೆಸ್ಟ್ ಆಗಿರಬಹುದು. ಪ್ಯೂರ್ ಅಂದರೆ ಶುದ್ಧ, ಅಂದರೆ ಉತ್ತಮ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಸಾಲಿನಲ್ಲಿ ಅದು ಎಲ್ಲಕ್ಕಿಂತ ಕೆಳಗಿನದು, ಎಲ್ಲಕ್ಕಿಂತ ಒರಟು. ಒಂದು ಆನ್‌ಲೈನ್ ಅಂಗಡಿಯಿಂದ ಇಂಥದ್ದೊಂದು ತರಿಸಿದೆ. ತುದಿ ಕತ್ತರಿಸಿ ಆಕಾರ ಕೊಟ್ಟಿದ್ದರು. ಕತ್ತರಿಸಿದ ಮೇಲೆ ಬ್ಯಾಡ್ಜರ್ ಆದರೇನು, ನೈಲಾನ್ ಆದರೇನು, ಚುಚ್ಚುವುದು ಚುಚ್ಚುವುದೇ. ಜೊತೆಗೆ ಪ್ರತಿ ಶೇವಿಗೂ ನೊರೆಯಲ್ಲಿ ಕಪ್ಪು ಕೂದಲು ಉದುರಿ ಬರುತ್ತಿತ್ತು. ಹೊಸ ಬ್ರಷ್ಷು ಮೊದಮೊದಲು ನಾಲ್ಕು ಕೂದಲು ಉದುರಿಸುವುದು ಮಾಮೂಲು. ಇದು ನಿಲ್ಲಲೇ ಇಲ್ಲ. ಫೋಟೋ ಕಳಿಸಿದೆ, ವಾಪಸ್ ತೆಗೆದುಕೊಂಡರು.

ಸಿಲ್ವರ್‌ಟಿಪ್ ನೋಡಬೇಕು ಅನ್ನೋ ಆಸೆ ಹಾಗೇ ಉಳಿದಿತ್ತು. ಜರ್ಮನಿಯಲ್ಲಿರುವ ಭಾವ ಬೇಸಿಗೆ ರಜೆಗೆ ಬಂದಾಗ ಅವರ ಬ್ರಷ್ಷು ಸಿಕ್ಕಿತು. ಬಿಳಿ ತುದಿ, ನಡುವೆ ಕಪ್ಪು ಪಟ್ಟಿ. ಒಣಗಿದ್ದಾಗಲೇ ಕೆನ್ನೆಗೆ ಏನೂ ಗೊತ್ತಾಗುವುದಿಲ್ಲ. ಒದ್ದೆಯಾದ ಮೇಲಂತೂ ಬಿಸಿನೀರು ಹಿಡಿದುಕೊಂಡು ಮುಖಕ್ಕೆ ಇಳಿಸುತ್ತದೆ, ಅದರ ಹಿತವೇ ಬೇರೆ. "ಇದೇ ಕೊಂಡ್ಕೋ, ಯೋಚನೆ ಮಾಡಬೇಡ" ಅಂದರು ಭಾವ. ನಾನೂ ಅದೇ ಮನಸ್ಸು ಮಾಡಿದ್ದೆ. ಆದರೆ ನಮ್ಮ ಬಚ್ಚಲಿನಲ್ಲಿ ಒಂದು ತಮಾಷೆ ನಡೆಯಿತು.

ನಮ್ಮ ಏರಿಯಾದಲ್ಲಿ ಕಾವೇರಿ ನೀರು ವಾರದಲ್ಲಿ ಕೆಲವು ದಿನ ಮಾತ್ರ. ಮಿಕ್ಕಿದ್ದೆಲ್ಲ ಬೋರ್‌ವೆಲ್ಲಿನ ಉಪ್ಪುನೀರು. ನಲ್ಲಿ ಬಾಯಿಗೆ ಬಿಳಿ ಹೊರಪು ಕಟ್ಟುವ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಶೇವಿಂಗ್ ಕ್ರೀಮಂದ್ರೆ ಮೂಲದಲ್ಲಿ ಸೋಪೇ. ಉಪ್ಪುನೀರು ಸಿಕ್ಕರೆ ಆ ಸೋಪಿನ ಒಂದು ಪಾಲು ನೊರೆಯಾಗುವ ಬದಲು ಬಿಳಿ ಜಿಗುಟಾಗಿ ಹೋಗುತ್ತದೆ. ಸಿಲ್ವರ್‌ಟಿಪ್ ಬ್ರಷ್ಷಿನ ಮೈ ಮೃದು, ಹೊಟ್ಟೆ ದೊಡ್ಡದು. ನೀರನ್ನೂ ಕುಡಿಯುತ್ತದೆ, ಕ್ರೀಮನ್ನೂ ಕುಡಿಯುತ್ತದೆ. ಸಿಹಿನೀರಿನ ಊರಲ್ಲಿ ಅದು ಚೆನ್ನ. ನಮ್ಮ ನೀರಿನಲ್ಲಿ ನೊರೆ ಏಳುವ ಹೊತ್ತಿಗೆ ನಾನು ಎಷ್ಟು ಸುತ್ತು ತಿರುಗಿಸಿದೆನೋ, ಎಷ್ಟು ಒತ್ತಿದೆನೋ! ತೊಳೆದುಕೊಂಡು ನೋಡಿದರೆ ಕೆನ್ನೆ ಮತ್ತೆ ತಿಳಿಗೆಂಪು. ಲೋಕದ ಅತಿ ಮೆತ್ತನೆಯ ಕೂದಲಿಂದ ಉಜ್ಜಿಯೂ ಕೆಂಪು!

ಅಲ್ಲಿ ನನ್ನ ಲೆಕ್ಕಾಚಾರ ತಿರುಗಿತು. ಚರ್ಮ ಕೆಂಪಾಗಲು ಕೂದಲಿನ ಒರಟುತನ ಒಂದು ಕಾರಣ. ಎಷ್ಟು ಹೊತ್ತು, ಎಷ್ಟು ಒತ್ತಿ ಉಜ್ಜುತ್ತೀರಿ ಅನ್ನುವುದು ಇನ್ನೊಂದು. ಮೈಯೆಲ್ಲ ಮೆತ್ತಗಿರುವ ಬ್ರಷ್ಷು ಬೇಗ ನೊರೆ ಕೊಡದಿದ್ದರೆ ಕೈ ತಾನಾಗಿ ಜಾಸ್ತಿ ಉಜ್ಜುತ್ತದೆ. ಸೂಕ್ಷ್ಮ ಚರ್ಮಕ್ಕೆ ಬೇಕಾದ್ದು ತುದಿ ಮೆತ್ತಗಿದ್ದು, ಬುಡದಲ್ಲಿ ಒಂದಿಷ್ಟು ಬಿಗಿ ಇರುವ ಬ್ರಷ್ಷು. ನಾಲ್ಕು ಸುತ್ತಿಗೆ ನೊರೆ ಎದ್ದುಬಿಡಬೇಕು, ಮುಖದ ಮೇಲೆ ಅದಕ್ಕೆ ಕೆಲಸವೇ ಇರಬಾರದು. ಪಳಗಿದ ಹಂದಿಕೂದಲು ಹಾಗಿರುತ್ತದೆ. ಪಳಗಿಸುವ ಕಷ್ಟ ಇಲ್ಲದೆ ಹಾಗಿರುವುದು ಈಗಿನ ಸಿಂಥೆಟಿಕ್.

ಸಿಂಥೆಟಿಕ್ ಅಂದ ಕೂಡಲೇ ನನ್ನ ಕೆಂಪು ಹಿಡಿಯ ಬ್ರಷ್ಷು ಕಣ್ಣಮುಂದೆ ಬರುತ್ತಿತ್ತು. ಅದೂ ಸಿಂಥೆಟಿಕ್ಕೇ ತಾನೇ! ಆದರೆ ಈಗ ಬರುವ ಒಳ್ಳೆ ಎಳೆ ಬೇರೆಯೇ ವಸ್ತು. ಎಳೆಯೇ ಸಣ್ಣ, ತುದಿ ಇನ್ನೂ ಸಣ್ಣ, ನೋಡೋಕೆ ಬ್ಯಾಡ್ಜರಿನ ಹಾಗೇ ಬಣ್ಣದ ಪಟ್ಟಿ. 1945ರಲ್ಲಿ ಶುರುವಾದ ಜರ್ಮನಿಯ ಮ್ಯೂಲೆಯಂಥ, ಬ್ಯಾಡ್ಜರಿಗೆ ಹೆಸರಾದ ಕಂಪನಿಯೂ ಈಗ ಇಂಥ ಬ್ರಷ್ಷು ಮಾಡುತ್ತದೆ. ನಮ್ಮ ದೇಶದಲ್ಲೇ ಕೆಲವು ಕಂಪನಿಗಳದು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ನಾನು 24 ಮಿಲಿಮೀಟರ್ ನಾಟ್, 50ಕ್ಕಿಂತ ಸ್ವಲ್ಪ ಜಾಸ್ತಿ ಲಾಫ್ಟ್ ಇರುವುದನ್ನು ಆರಿಸಿದೆ. ತುದಿ ಗುಂಡಗಿರುವ ಆಕಾರ. ಬೀಸಣಿಗೆಯ ಹಾಗೆ ಅಗಲ ಬಿಚ್ಚಿಕೊಳ್ಳುವುದಕ್ಕಿಂತ ಮೂಗಿನ ಕೆಳಗೆ, ಕಿವಿಯ ಹತ್ತಿರ ಇದು ಸಲೀಸು. ಮರದ ಹಿಡಿ ಚೆಂದ ಕಾಣುತ್ತಿತ್ತು. ನಮ್ಮ ಬಚ್ಚಲಿನ ತೇವಕ್ಕೆ ಬಿರುಕು ಬಿಟ್ಟೀತು ಅಂತ ರೆಸಿನ್ ಹಿಡಿಯದ್ದು ತಗೊಂಡೆ.

ಮೊದಲ ಸಲ ಬಳಸಿದಾಗ ಡಾಕ್ಟರು ಹೇಳಿದ ಪರೀಕ್ಷೆಯನ್ನೇ ಮತ್ತೆ ಮಾಡಿದೆ. ಬಲಗಡೆ ಬ್ರಷ್ಷು, ಎಡಗಡೆ ಬೆರಳು, ಬ್ಲೇಡ್ ಇಲ್ಲ. ಎರಡೂ ಕೆನ್ನೆ ಒಂದೇ ಬಣ್ಣ. ಮಾರನೇ ದಿನ ಶೇವ್ ಮಾಡಿದ ಮೇಲೆ ಪಟಿಕ ಒದ್ದೆ ಮಾಡಿ ಸವರಿದೆ. ಸಲೂನಿನಲ್ಲಿ ಕೊನೆಗೆ ತಿಕ್ಕುತ್ತಾರಲ್ಲ, ಅದೇ ಕಲ್ಲು. ಪಟಿಕ ಒಳ್ಳೆ ಗೂಢಚಾರ. ಚರ್ಮ ಎಲ್ಲೆಲ್ಲಿ ಕೆರೆದುಹೋಗಿದೆಯೋ ಅಲ್ಲಲ್ಲಿ ಚುರುಕ್ ಅನ್ನುತ್ತದೆ. ಮುಂಚೆ ಕೆನ್ನೆಯಿಂದ ಕತ್ತಿನವರೆಗೆ ಚುರುಗುಟ್ಟುತ್ತಿತ್ತು. ಈ ಸಲ ಗದ್ದದ ಕೆಳಗೆ ಒಂದು ಕಡೆ ಮಾತ್ರ.

ಬ್ರಷ್ಷು ಸಿಕ್ಕಿತು ಅಂತ ಕೈಯ ಅಭ್ಯಾಸ ಹಾಗೇ ಇದ್ದರೆ ಉಪಯೋಗ ಇಲ್ಲ. ಈಗ ನೊರೆಯನ್ನು ಮುಖದ ಮೇಲೆ ಮಾಡುವುದಿಲ್ಲ. ಒಂದು ಸ್ಟೀಲ್ ಬಟ್ಟಲಿದೆ. ಬಟಾಣಿ ಗಾತ್ರದ ಕ್ರೀಮು, ನಾಲ್ಕು ಹನಿ ನೀರು. ನೀರು ಮಾತ್ರ ಅಡುಗೆಮನೆಯ ಫಿಲ್ಟರಿಂದ ತಂದ ಸಿಹಿನೀರು, ಒಂದು ಲೋಟ ಸಾಕು. ತಿರುಗಿಸುತ್ತಾ ಒಂದೊಂದೇ ಹನಿ ಸೇರಿಸಬೇಕು. ಮೊದಲು ದೊಡ್ಡ ದೊಡ್ಡ ಗುಳ್ಳೆ ಬರುತ್ತದೆ, ಅದು ನೊರೆ ಅಲ್ಲ, ಬರೀ ಗಾಳಿ. ಇನ್ನೂ ತಿರುಗಿಸಿದರೆ ಗುಳ್ಳೆ ಕಾಣದಷ್ಟು ಸಣ್ಣಗಾಗಿ, ಹೊಳಪು ಬರುತ್ತದೆ. ಬ್ರಷ್ಷನ್ನು ಮೇಲಕ್ಕೆತ್ತಿದರೆ ನೊರೆಯ ತುದಿ ನಿಂತು ಹಾಗೇ ಸ್ವಲ್ಪ ಬಾಗಬೇಕು. ಅದು ಹದ. ಆಮೇಲೆ ಮುಖಕ್ಕೆ ಸುಣ್ಣ ಬಳಿಯುವವರ ಕೈಯಲ್ಲಿ ಬರೀ ಬಳಿಯುವುದು, ಮೇಲೆ ಕೆಳಗೆ. ಗಿರಗಿರ ತಿರುಗಿಸುವುದಿಲ್ಲ, ಒತ್ತುವುದಿಲ್ಲ. ಸ್ನಾನ ಮುಗಿಸಿ ಬಂದು ಶೇವ್ ಮಾಡುವುದರಿಂದ ಕೂದಲು ಮೊದಲೇ ಮೆತ್ತಗಾಗಿರುತ್ತದೆ. ಬ್ರಷ್ಷು ತಿಕ್ಕಿ ಮೆತ್ತಗೆ ಮಾಡಬೇಕಾದ್ದು ಏನೂ ಉಳಿದಿರುವುದಿಲ್ಲ.

ಮುಗಿದ ಮೇಲೆ ಬುಡದವರೆಗೆ ನೀರು ಹೋಗುವಂತೆ ತೊಳೆದು, ಜೋರಾಗಿ ಕೊಡವಿ, ಬಚ್ಚಲ ಹೊರಗೆ ಗಾಳಿಗೆ ಇಡುತ್ತೇನೆ. ಬ್ರಷ್ಷಿನ ಜೊತೆ ಬರುವ ಪ್ಲಾಸ್ಟಿಕ್ ಟೋಪಿ ಪ್ರಯಾಣಕ್ಕೆ ಮಾತ್ರ, ಒದ್ದೆ ಬ್ರಷ್ಷಿಗೆ ಹಾಕಿಟ್ಟರೆ ಮುಗ್ಗಲು ಹಿಡಿಯುತ್ತದೆ. ಕುದಿಯುವ ನೀರು ಯಾವ ಬ್ರಷ್ಷಿಗೂ ಬೇಡ, ಬುಡದ ಅಂಟು ಬಿಟ್ಟುಕೊಳ್ಳುತ್ತದೆ. ಉಪ್ಪುನೀರಿನ ಊರಿನವರಿಗೆ ಇನ್ನೊಂದು ಕೆಲಸ ಇದೆ. ಕೆಲವು ವಾರಕ್ಕೆ ಬುಡದಲ್ಲಿ ಬಿಳಿ ಹೊರಪು ಕಟ್ಟಿ ಎಳೆಗಳು ಅಂಟಿಕೊಳ್ಳುತ್ತವೆ, ಮೆತ್ತಗಿದ್ದ ಬ್ರಷ್ಷು ಗಡಸಾಗುತ್ತದೆ. ಒಂದು ಮಗ್ ಬೆಚ್ಚಗಿನ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ, ಕೂದಲು ಮಾತ್ರ ಮುಳುಗುವ ಹಾಗೆ ಸ್ವಲ್ಪ ಹೊತ್ತು ಇಟ್ಟು ತೊಳೆದರೆ ಮೊದಲಿನಂತಾಗುತ್ತದೆ. ಬ್ರಷ್ಷು ಹಾಳಾಯ್ತು ಅಂತ ಎಸೆಯುವ ಮುಂಚೆ ಇದನ್ನು ಮಾಡಿ ನೋಡಿ.

ಗದ್ದದ ಕೆಳಗಿನ ಆ ಒಂದು ಜಾಗ ಇನ್ನೂ ರಗಳೆ ಮಾಡುತ್ತದೆ. ಡಾಕ್ಟರಿಗೆ ಮತ್ತೆ ತೋರಿಸಿದೆ. ಅಲ್ಲಿ ಕೂದಲು ಅಡ್ಡಡ್ಡ ಬೆಳೆಯುತ್ತದೆ, ಬೋಳಿಸಿದ ಮೇಲೆ ತುದಿ ಚರ್ಮದೊಳಕ್ಕೇ ಬಾಗಿ ಚುಚ್ಚುತ್ತದೆ, ಅದಕ್ಕೂ ಬ್ರಷ್ಷಿಗೂ ಸಂಬಂಧ ಇಲ್ಲ ಅಂದರು. ಕೂದಲು ಮಲಗಿರುವ ದಿಕ್ಕಿಗೇ ಬ್ಲೇಡ್ ಎಳೆಯಬೇಕು, ಎದುರಿಗೆ ಬೇಡ. ಐದಾರು ಶೇವಿಗೆ ಬ್ಲೇಡ್ ಬದಲಿಸಬೇಕು. ರಜೆ ದಿನ ಆ ಜಾಗ ಹಾಗೇ ಬಿಡಬೇಕು. ಹಾಗಾಗಿ ಭಾನುವಾರ ನನ್ನ ಕತ್ತಿನ ಮೇಲೆ ಎರಡು ಬೆರಳಗಲ ಗಡ್ಡ ಉಳಿದಿರುತ್ತದೆ. "ಅಲ್ಲೊಂಚೂರು ಬಿಟ್ಟಿದೀರಿ" ಅಂತ ಹೆಂಡತಿ ಪ್ರತಿ ವಾರ ನೆನಪು ಮಾಡುತ್ತಾಳೆ.